ಚಕ್ಕೆ ಮೂಟೆ ಇಳಿಸಿದವರು

ಹೆಸರು ಬರೆಯುವುದಿಲ್ಲ. ಇದು ನನ್ನ ಸಂಕೋಚವಲ್ಲ, ಅವರ ಷರತ್ತು. "ಬರೆಯುವುದಾದ್ರೆ ಬರೀರಿ, ಹೆಸರು ಹಾಕ್ಬೇಡಿ" ಎಂದು ದುಬೈಯ ಸತ್ವಾದ ಚಹಾದಂಗಡಿಯೊಂದರಲ್ಲಿ ಹೇಳಿದ್ದರು. ಆಗ ನಾನು ಬರೆಯಲಿಲ್ಲ. ಈಗ ಅವರಿಲ್ಲ, ಷರತ್ತು ಉಳಿದಿದೆ.

ನಾವೆಲ್ಲ ಅವರನ್ನು ಕಾಕ ಎನ್ನುತ್ತಿದ್ದೆವು. ಮಂಗಳೂರಿನ ದಕ್ಷಿಣಕ್ಕೆ ಕಡಲ ದಂಡೆಯ ಬ್ಯಾರಿ ಮುಸ್ಲಿಂ ಮನೆತನದವರು. ದುಬೈಯಲ್ಲಿ ತೋಟಗಾರಿಕೆ ಕಂಪನಿಯೊಂದರ ನರ್ಸರಿಯಲ್ಲಿ ಫೋರ್‌ಮನ್. ಅದಕ್ಕೂ ಮೊದಲು ಸೆಶೆಲ್ಸ್ ದ್ವೀಪಗಳಲ್ಲಿ, ದೋಣಿ ಕಟ್ಟುವ ಜಾಗದಲ್ಲಿ ಮರ ಕೊಯ್ಯುವ ಕೆಲಸ ಮಾಡಿದ್ದರು. ಅಲ್ಲಿ ಒಂದು ರೋಗ ಬಂದು ಕಡಲಂಚಿನ ಮರಗಳು ಸಾಲುಸಾಲಾಗಿ ಸತ್ತದ್ದನ್ನು ಕಣ್ಣಾರೆ ಕಂಡಿದ್ದರು. ರೋಗ ಒಂದು ದ್ವೀಪದಿಂದ ಇನ್ನೊಂದಕ್ಕೆ ದಾಟಿತು. ಆದರೆ ತಮ್ಮ ದೋಣಿಯಲ್ಲಿ ದಾಟಲಿಲ್ಲ ಎಂಬುದು ಅವರ ನಂಬಿಕೆ. ಅರವತ್ತರ ಹತ್ತಿರದ ಆ ಮನುಷ್ಯ ಹೆಮ್ಮೆ ಪಡಲೆಂದು ತಮಗೆ ಇಟ್ಟುಕೊಂಡಿದ್ದು ಅದೊಂದನ್ನೇ. ಅದನ್ನು ನಾನು ಒಂದು ಪ್ರಶ್ನೆ ಕೇಳಿ ತೆಗೆದುಬಿಟ್ಟೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸತ್ವಾಕ್ಕೆ ಬಂದಾಗ ಅವರು ಆಗಲೇ ಅಲ್ಲಿದ್ದರು. ಹಳೆಯ ವಿಲ್ಲಾ. ಐದು ಕೋಣೆ, ಕೋಣೆಗೆ ಮೂರು ನಾಲ್ಕು ಮಂದಿ. ದರ್ಜಿಗಳು, ಗ್ಯಾರೇಜಿನವರು, ಮಲ್ಪೆಯ ಒಬ್ಬ ಡ್ರೈವರ್, ನಾನು. ನಾನು ಇಂಗ್ಲಿಷ್ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಬೇರೆಯವರು ಬರೆದದ್ದನ್ನು ತಿದ್ದುವ ಕೆಲಸದವನು. ಮೈಸೂರು ಕಡೆಯವನು, ಮರಗಿಡಗಳ ಬಗ್ಗೆ ಏನೂ ತಿಳಿಯದವನು.

ಮೊದಲ ದಿನ ಕಂಡದ್ದು ಬಕೆಟ್. ಗೇಟಿನ ಪಕ್ಕ ಫಿನಾಯಿಲ್ ಬೆರೆಸಿದ ನೀರು, ಒಂದು ಗಟ್ಟಿ ಬ್ರಷ್. ಕಾಕ ಕೆಲಸ ಮುಗಿಸಿ ಬಂದವರು ಬೂಟು ಬಿಚ್ಚಿ, ಅಡಿಭಾಗದ ಸಂದುಸಂದಿನ ಮಣ್ಣನ್ನು ಕೆರೆದು ತೆಗೆದು, ಆ ನೀರಿನಲ್ಲಿ ಉಜ್ಜಿ, ಗೋಡೆಗೆ ಒರಗಿಸಿಟ್ಟ ಮೇಲೆ ಒಳಗೆ ಕಾಲಿಡುತ್ತಿದ್ದರು. ಬೆಳಿಗ್ಗೆ ಹೊರಡುವಾಗ ಮತ್ತೆ ಅದೇ. ಇದಕ್ಕಾಗಿ ಇಡೀ ವಿಲ್ಲಾ ಅವರನ್ನು 'ಭಟ್ರು' ಎನ್ನುತ್ತಿತ್ತು. ಬ್ಯಾರಿಗೆ ಭಟ್ರು ಎಂಬ ಹೆಸರು ಬಿದ್ದದ್ದು ನಾನು ಕಂಡಂತೆ ಅದೊಂದೇ.

"ಭಟ್ರೆ, ಮಡಿ ಆಯ್ತಾ?" ಎಂದು ಮಲ್ಪೆಯ ಡ್ರೈವರ್ ಕೇಳುತ್ತಿದ್ದ.

"ನಂದು ಆಯ್ತು. ನಿಂದು ಆಗ್ಲಿಲ್ಲ, ದೂರ ನಿಲ್ಲು ಮಾರಾಯ."

ಒಮ್ಮೆ ನಾನೂ ಕೇಳಿದೆ. ಅವರು ಬ್ರಷ್ ನಿಲ್ಲಿಸದೆ ಹೇಳಿದರು: "ನೀವು ದೇಶ ಬಿಟ್ಟು ದೇಶಕ್ಕೆ ಬರ್ಬೇಕಾದ್ರೆ ಎಷ್ಟು ಕಾಗದ? ಮೆಡಿಕಲ್, ವೀಸಾ, ಸ್ಟಾಂಪಿಂಗ್. ಮಣ್ಣಿಗೆ ಎಂತದೂ ಬೇಡ. ಬೂಟಿಗೆ ಅಂಟಿ ಕೂತ್ರೆ ಆಯ್ತು."

ಊರಿಂದ ಬರುವ ಸಂಸಾರಗಳು ಬಸಳೆ ಕಾಂಡ, ಕರಿಬೇವಿನ ಸಸಿ, ಮಲ್ಲಿಗೆ ಬೇರು ತರುವುದು ಆಗ ಸಾಮಾನ್ಯ. ಒದ್ದೆ ಪತ್ರಿಕೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕಟ್ಟಿ, ಸೂಟ್‌ಕೇಸಿನ ನಡುವೆ. ಗಿಡ ಬಾಡಿದರೆ ಕಾಕನಿಗೆ ಹೇಳಿಕಳಿಸುತ್ತಿದ್ದರು. ಕರಾಮಾದ ಮನೆಯೊಂದಕ್ಕೆ ನಾನೂ ಜೊತೆಗೆ ಹೋಗಿದ್ದೆ. ಅವರು ಬಿಳಿ ಕಾಗದ ಹಿಡಿದು ಅದರ ಮೇಲೆ ಎಲೆಯನ್ನು ಬೆರಳಿನಿಂದ ತಟ್ಟಿದರು. ಸಾಸಿವೆಗಿಂತ ಸಣ್ಣ ಏನೋ ಉದುರಿ ಓಡಾಡಿತು.

"ಅಕ್ಕ, ಇದನ್ನು ಏರ್‌ಪೋರ್ಟಿನಲ್ಲಿ ತೋರಿಸಿದ್ರಾ?"

"ಇಲ್ಲ ಕಾಕ. ರೇಷ್ಮೆ ಸೀರೆ ಮಡಿಕೆಲಿ ಇಟ್ಟಿದ್ದೆ."

"ಹಾಗಾದ್ರೆ ಸೀರೆಯನ್ನೂ ಬಿಸಿಲಿಗೆ ಹಾಕಿ."

ಆಕೆ ನಕ್ಕರು. ಕಾಕ ನಗಲಿಲ್ಲ. ಗಿಡವನ್ನು ಕುಂಡದ ಸಮೇತ ಚೀಲಕ್ಕೆ ಹಾಕಿ, ಬಾಯಿ ಬಿಗಿದು, ಬಿಸಿಲಿನಲ್ಲಿ ಎಂಟು ದಿನ ಇಟ್ಟು ಎಸೆದರು. ಕರಿಬೇವು ಬೇಕಿದ್ದರೆ ನರ್ಸರಿಯಿಂದ ತಂದುಕೊಡುತ್ತೇನೆ ಎಂದರು, ಮಾತಿನಂತೆ ತಂದುಕೊಟ್ಟರು.

ಅವರ ಕೆಲಸದ ರೀತಿ ನೋಡಿದ್ದು ಅಬುಧಾಬಿ ರಸ್ತೆಯ ಒಂದು ಖರ್ಜೂರದ ತೋಟದಲ್ಲಿ. ಬೆಳೆದು ನಿಂತ ಮರಗಳನ್ನು ಬೇರು ಸಮೇತ ಕಿತ್ತು ಲಾರಿಯಲ್ಲಿ ಸಾಗಿಸಿ ಹೊಸ ಹೋಟೆಲು, ಹೊಸ ರಸ್ತೆ, ಹೊಸದಾಗಿ ಹಸಿರಾಗಬೇಕಾದ ದ್ವೀಪಗಳಲ್ಲಿ ನೆಡುವ ಕಾಲ ಅದು. ಕಿತ್ತೊಯ್ಯುವ ಮೊದಲು ಪ್ರತಿ ಮರವನ್ನೂ ಕಾಕ ಪರೀಕ್ಷಿಸುತ್ತಿದ್ದರು. ಯಂತ್ರ ಏನಿಲ್ಲ. ಕಿವಿಯನ್ನು ಕಾಂಡಕ್ಕೆ ಒತ್ತಿ ಕಣ್ಣು ಮುಚ್ಚುತ್ತಿದ್ದರು. ಸೊಂಪಾಗಿ ಕಾಣುತ್ತಿದ್ದ ಒಂದು ಮರದ ಬಳಿ ನನ್ನನ್ನು ಕರೆದು, "ಕೇಳಿ" ಎಂದರು. ಕೇಳಿದೆ. ಒಳಗೆ ಯಾರೋ ನಿಧಾನವಾಗಿ ಹುರಿಗಡಲೆ ಅಗಿಯುವ ಸದ್ದು.

"ಹೊರಗೆ ಹಸಿರು. ಒಳಗೆ ಊಟ ನಡೀತಾ ಉಂಟು" ಎಂದರು. ಅದು ಕೆಂಪು ಮೂತಿಹುಳು. "ಇದು ನಮ್ಮ ತೆಂಗಿನ ಮರದ ಹುಳ. ನಮ್ಮ ಕಡೆಯಿಂದ್ಲೇ ಬಂದದ್ದು. ನಾವು ಬಂದ ಹಾಗೇ, ದುಡಿದು ತಿನ್ಲಿಕ್ಕೆ. ನಮಗೆ ಎರಡು ವರ್ಷಕ್ಕೊಮ್ಮೆ ರಜೆ. ಅದಕ್ಕೆ ಅದೂ ಇಲ್ಲ."

ಆ ದಿನ ಹದಿನಾಲ್ಕು ಮರ ನೋಡಿ ಮೂರಕ್ಕೆ ಕೆಂಪು ಬಣ್ಣದ ಗುರುತು ಹಾಕಿದರು. ಲಾರಿಯ ಪಠಾಣ ಅವಸರ ಮಾಡಿದ. ಮೇಲಿನವರಿಗೆ ಫೋನಾಯಿತು. ಕಾಕ ಫೋನು ಕಿವಿಗಿಟ್ಟು ಬೈಗುಳವನ್ನೆಲ್ಲ ಕೇಳಿ, "ಸರಿ ಸಾರ್, ಆ ಮೂರು ಹೋಗುವುದಿಲ್ಲ ಸಾರ್" ಎಂದು ಇಟ್ಟುಬಿಟ್ಟರು. ನನ್ನ ಕಡೆ ತಿರುಗಿ, "ಹುಳ ಬಿದ್ದ ಮರ ಸಾಗಿಸ್ಬಾರ್ದು ಅಂತ ಸರ್ಕಾರದ ಹುಕುಂ. ಹುಕುಂ ಅಂದ್ರೆ ಹುಕುಂ. ನಾನು ಹುಕುಂ ಮುರಿದವ ಅಲ್ಲ" ಎಂದರು. ಈ ಮಾತನ್ನು ಅವರು ಆಗಾಗ ಹೇಳುತ್ತಿದ್ದರು. ಅದರ ಹಿಂದೆ ಒಂದು ಕತೆಯಿದೆ ಎಂದು ನನಗೆ ಆಗ ಗೊತ್ತಿರಲಿಲ್ಲ.

ಇನ್ನೊಂದು ಪ್ರಸಂಗ ಬರೆಯಬೇಕು, ಅವರು ಜನರ ನಡುವೆ ಹೇಗಿದ್ದರು ಎಂಬುದಕ್ಕೆ. ವಿಜಯದಶಮಿಯ ದಿನ ನಮ್ಮ ಕೆಲವು ಕನ್ನಡ ಕುಟುಂಬಗಳು ಒಂದು ಪಾರ್ಕಿನಲ್ಲಿ ಸೇರಿದ್ದವು. ರುವೈಸಿನಲ್ಲಿದ್ದ ಮೈಸೂರಿನ ಎಂಜಿನಿಯರ್ ಒಬ್ಬರು ದಾರಿಯ ಮರಳುಗಾಡಿನಿಂದ ಬನ್ನಿ ಸೊಪ್ಪು ತಂದಿದ್ದರು. ಎಲ್ಲರೂ ಹಂಚಿಕೊಂಡು, ಬನ್ನಿ ತಗೊಂಡು ಬಂಗಾರದ ಹಾಗೆ ಇರೋಣ ಎಂದು ಹೇಳಿಕೊಂಡು, ಹಿರಿಯರ ಕಾಲಿಗೆ ಬಿದ್ದೂ ಆಗಿತ್ತು. ಊಟಕ್ಕೆ ಕರೆದಿದ್ದೆನೆಂದು ಕಾಕ ಆಮೇಲೆ ಬಂದರು. ನನ್ನ ಕೈಯ ರೆಂಬೆ ನೋಡಿದರು.

"ಇದು ಬನ್ನಿ ಅಲ್ಲ. ಬಳ್ಳಾರಿ ಜಾಲಿ."

ಎಂಜಿನಿಯರಿಗೆ ಸಿಟ್ಟು ಬಂತು. "ಏನ್ರೀ ಹಾಗಂದ್ರೆ. ಎಲೆ ನೋಡಿ, ಬನ್ನಿ ಥರಾನೇ ಇದೆ."

"ಎಲೆ ನೋಡ್ಬೇಡಿ, ಮುಳ್ಳು ನೋಡಿ. ಬನ್ನಿಗೆ ಕೊಂಬೆ ಉದ್ದಕ್ಕೂ ಅಲ್ಲೊಂದು ಇಲ್ಲೊಂದು. ಇದಕ್ಕೆ ಗಂಟಿಗೆ ಎರಡೆರಡು. ಇಲ್ಲಿ ಬನ್ನಿ ಉಂಟು ಸಾರ್, ಗಾಫ್ ಅಂತಾರೆ. ಇದು ಹಸಿರಾಗ್ಲಿ ಅಂತ ಎಲ್ಲಿಂದಲೋ ತಂದು ನೆಟ್ಟದ್ದು. ಈಗ ಗಾಫಿನ ಜಾಗವನ್ನೇ ತಿಂತಾ ಉಂಟು."

"ಹೋಗ್ಲಿ ಬಿಡಿ ಕಾಕ" ಎಂದರು ಎಂಜಿನಿಯರ್ ಅವರ ಹೆಂಡತಿ. "ಕೊಟ್ಟಾಯ್ತು, ತಗೊಂಡಾಯ್ತು. ದೇವ್ರು ಬಾಟನಿ ಓದಿರ್ತಾನಾ?"

ಎಲ್ಲರೂ ನಕ್ಕರು, ಅವರೂ ನಕ್ಕರು. ಆದರೆ ಊಟ ಮುಗಿದ ಮೇಲೆ ಹುಲ್ಲಿನ ಮೇಲೆ ಬಿದ್ದ ರೆಂಬೆಗಳನ್ನೆಲ್ಲ ಆರಿಸಿ ಚೀಲಕ್ಕೆ ತುಂಬಿಕೊಂಡು ಹೋದರು. ಒಂದರಲ್ಲಿ ಕಾಯಿ ಇತ್ತು.

ಅದೇ ವರ್ಷ ನಮ್ಮ ಶುಕ್ರವಾರದ ಪುರವಣಿಗೆ, ಪತ್ರಿಕೆಯಲ್ಲಿ ಹೆಸರು ಬಾರದ ಮಂದಿಯ ಬಗ್ಗೆ ಬರೆಯುವ ಯೋಜನೆಯಾಯಿತು. ನಾನು ಕಾಕನ ಬಗ್ಗೆ ಬರೆಯುತ್ತೇನೆಂದೆ. ನಾಲ್ಕು ಶುಕ್ರವಾರ, ಜುಮಾ ನಮಾಜು ಮುಗಿಸಿ ಅವರು ಬಂದ ಮೇಲೆ, ಚಹಾದಂಗಡಿಯ ಹೊರಗಿನ ಬೆಂಚಿನಲ್ಲಿ ಕೂತು ಅವರು ಹೇಳಿದ್ದನ್ನು ಬರೆದುಕೊಂಡೆ. ಆ ಪುಸ್ತಕ ಈಗಲೂ ನನ್ನಲ್ಲಿದೆ. ಕೆಳಗಿನದು ಅದರಿಂದ.

"ಅಲ್ಲಿ ತಕಮಾಕ ಅಂತಾರೆ. ನಮ್ಮ ಹೊನ್ನೆ. ಸುರಹೊನ್ನೆ ಅಂತೀರಲ್ಲ ನೀವು, ಅದೇ. ಸಮುದ್ರಕ್ಕೆ ಬಗ್ಗಿ ನಿಂತಿರ್ತದೆ. ನಾನು ಹೋದ ದಿನ ಅದನ್ನು ನೋಡಿ, ಅಲ್ಲಾ, ಮನೆ ಹಿಂದೆಯೇ ಬಂದೆನಾ ಅಂತ ಅನಿಸಿತು. ದೋಣಿಗೆ ಅದರಂಥ ಮರ ಇಲ್ಲ. ನಮ್ಮ ಅಜ್ಜ ಅದರ ಎಣ್ಣೆಯಲ್ಲೇ ದೀಪ ಉರಿಸಿದವರು.

"ರೋಗ ಬಂದಾಗ ಮೊದಲು ತಲೆ ಒಣಗ್ತದೆ. ಒಂದು ಕೊಂಬೆ ಹಳದಿ, ಆಮೇಲೆ ಇನ್ನೊಂದು. ಬುಡದಲ್ಲಿ ನೀರುಂಟು, ಎಲೆಗೆ ನೀರಿಲ್ಲ. ನಡುವೆ ದಾರಿ ಬಂದ್. ಬೂಷ್ಟು ಅಂತೆ. ಅದನ್ನು ಹೊತ್ತು ತರುವುದು ಎಳ್ಳಿನಷ್ಟು ಒಂದು ಹುಳ. ತಿಂಗಳು ಕಳೆಯುವಾಗ ಮರ ನಿಂತಲ್ಲೇ ಸೌದೆ.

"ಸತ್ತ ಜಾಗ ಖಾಲಿ ಇರುವುದಿಲ್ಲ, ಗೊತ್ತುಂಟಾ. ಅಲ್ಲಿ ಹೊನ್ನೆ ಸಸಿ ಬರ್ಲಿಕ್ಕೆ ವರ್ಷ ಬೇಕು. ಅಷ್ಟರಲ್ಲಿ ಚಕ್ಕೆ ಗಿಡ ಎದ್ದಾಯ್ತು. ಬಿರಿಯಾನಿಗೆ ಹಾಕುವ ಚಕ್ಕೆ. ಹಿಂದೆ ಯಾರೋ ವ್ಯಾಪಾರಕ್ಕೆ ತಂದು ನೆಟ್ಟದ್ದು. ಹಕ್ಕಿ ಹಣ್ಣು ತಿಂದು ಗುಡ್ಡ ಗುಡ್ಡಕ್ಕೆ ಬಿತ್ತಿತು. ಈಗ ಎಲ್ಲಿ ನೋಡಿದ್ರೂ ಅದೇ. ನಮ್ಮ ಬಾಯಿಗೆ ರುಚಿ, ಆ ಕಾಡಿಗೆ ಹೊಟ್ಟೆನೋವು."

ಮೂರನೆಯ ಶುಕ್ರವಾರ ದೋಣಿಯ ಕತೆ ಹೇಳಿದರು. ದೊಡ್ಡ ದ್ವೀಪದಲ್ಲಿ ರೋಗ ಹಬ್ಬುತ್ತಿತ್ತು. ಸಣ್ಣ ದ್ವೀಪವೊಂದರಲ್ಲಿ ಇನ್ನೂ ಇರಲಿಲ್ಲ. ಅಲ್ಲಿ ದೋಣಿ ರಿಪೇರಿಗೆಂದು ಹೊನ್ನೆ ದಿಮ್ಮಿ ತುಂಬಿಕೊಂಡು ಕಾಕ ಹೊರಡಬೇಕಿತ್ತು. ದೋಣಿಯ ಯಜಮಾನ ಜೊತೆಗೆ ಮೂರು ಮೂಟೆ ಚಕ್ಕೆಯನ್ನೂ ಇಡಿಸಿದ್ದ. ಬಂದರಿನ ಕಟ್ಟೆಯ ಮೇಲೆ ಅರಣ್ಯ ಇಲಾಖೆಯವನೊಬ್ಬ ಬಂದು ಇಂಗ್ಲಿಷಿನಲ್ಲಿ ಹೇಳಿದ: ನೋ ಬಾರ್ಕ್. ರೋಗ ಹರಡುತ್ತದೆ. ದೋಣಿಯಲ್ಲಿ ಬಾರ್ಕ್ ಹೋಗಕೂಡದು.

"ಬಾರ್ಕ್ ಅಂದ್ರೆ ಅಲ್ಲಿ ಚಕ್ಕೆ. ಬಂದರಲ್ಲಿ ಎಲ್ಲರೂ ಹಾಗೇ ಹೇಳುವುದು, ಮೂಟೆಯ ಮೇಲೂ ಅದೇ ಅಚ್ಚು. ನಾನು ಎಸ್ಸಾರ್ ಅಂದೆ. ಅವ ಹೋದ. ನಾನು ಮೂರು ಮೂಟೆಯನ್ನೂ ಕೆಳಗೆ ಇಳಿಸಿದೆ. ಯಜಮಾನ ಬಂದು ಬೊಬ್ಬೆ ಹಾಕಿದ. ಅವ ಹೋಗಿ ಆಯ್ತಲ್ಲ, ಇನ್ನು ಯಾರು ನೋಡ್ತಾರೆ, ಹಾಕು ಅಂದ. ಹಾಕುವುದಿಲ್ಲ ಅಂದೆ. ಕತ್ತೆ ಅಂದ. ಹೌದು ಅಂದೆ. ಆ ಸಿಟ್ಟಿನಲ್ಲಿ ಮುಂದಿನ ವರ್ಷ ನನ್ನ ಪರ್ಮಿಟ್ ಹೊಸತು ಮಾಡ್ಲಿಲ್ಲ, ನಾನು ದುಬಾಯಿಗೆ ಬಂದೆ. ಹೊರಡುವ ಮೊದಲೇ ಸುದ್ದಿ ಸಿಕ್ಕಿತು, ಆ ಸಣ್ಣ ದ್ವೀಪದಲ್ಲೂ ಹೊನ್ನೆ ಒಣಗ್ತಾ ಉಂಟು ಅಂತ. ಯಾರೋ ತಂದ್ರು. ಯಾರು ಅಂತ ಗೊತ್ತಿಲ್ಲ. ನಾನು ಅಲ್ಲ. ಮೂರು ಮೂಟೆ ಇಳಿಸಿದವ ನಾನು."

ಬರೆದುಕೊಂಡೆ. ದಿನವಿಡೀ ಪದಗಳನ್ನು ಒರೆಗೆ ಹಚ್ಚುವ ಕೆಲಸ ನನ್ನದು. ಆದರೂ ಆಗ ನನಗೆ ಏನೂ ಹೊಳೆಯಲಿಲ್ಲ. ಒಳ್ಳೆಯ ಕತೆ ಸಿಕ್ಕಿತು ಎಂಬ ಸಮಾಧಾನ ಮಾತ್ರ ಇತ್ತು.

ಒಬ್ಬರ ಬಾಯಿಂದ ಕೇಳಿದ್ದನ್ನು ಇನ್ನೊಂದು ಕಡೆ ಪರಿಶೀಲಿಸದೆ ಅಚ್ಚಿಗೆ ಕಳಿಸಬಾರದು ಎಂಬುದು ನಮ್ಮಲ್ಲಿ ನಿಯಮ. ಆ ದ್ವೀಪಗಳ ಅರಣ್ಯ ಕಚೇರಿಗೆ ಫ್ಯಾಕ್ಸ್ ಕಳಿಸಿದೆ. ರೋಗದ ಬಗ್ಗೆ ಒಂದೆರಡು ಪ್ರಶ್ನೆ; ಸಾಗಣೆಗೆ ಏನು ನಿರ್ಬಂಧ ಇತ್ತು ಎಂದು ಒಂದು ಪ್ರಶ್ನೆ. ಉತ್ತರ ಬರುವುದಿಲ್ಲ ಎಂದುಕೊಂಡಿದ್ದೆ. ಬಂತು. ಒಂದು ಪುಟ, ಬಹಳ ಸೌಜನ್ಯದ ಭಾಷೆ. ನಡುವೆ ಎರಡು ವಾಕ್ಯ: ತೊಗಟೆ ಸುಲಿಯದ ಹೊನ್ನೆ ಮರವನ್ನು ದ್ವೀಪದಿಂದ ದ್ವೀಪಕ್ಕೆ ಒಯ್ಯಬಾರದೆಂದು ಹೇಳಲಾಗಿತ್ತು, ಏಕೆಂದರೆ ಹುಳ ತೊಗಟೆಯ ಅಡಿಯಲ್ಲಿರುತ್ತದೆ. ದಾಲ್ಚಿನ್ನಿ ಚಕ್ಕೆಯ ಸಾಗಣೆಗೂ ಈ ರೋಗಕ್ಕೂ ಸಂಬಂಧವಿಲ್ಲ.

ಆ ಪುಟವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಇಂಗ್ಲಿಷಿನಲ್ಲಿ ಮರದ ತೊಗಟೆಗೂ ಬಾರ್ಕ್ ಎನ್ನುತ್ತಾರೆ, ಬಂದರಿನಲ್ಲಿ ದಾಲ್ಚಿನ್ನಿಗೂ ಬಾರ್ಕ್. ಕಾಕ ಮೂರು ಮೂಟೆ ಇಳಿಸಿ ದಿಮ್ಮಿಗಳನ್ನು ಒಯ್ದಿದ್ದರು.

ಇಲ್ಲಿಗೆ ಲೇಖನ ಮುಗಿದಿತ್ತು. ಸತ್ಯವಲ್ಲದ್ದನ್ನು ಹಾಕುವಂತಿಲ್ಲ, ಸತ್ಯವನ್ನು ಹಾಕಲು ಮನಸ್ಸಿಲ್ಲ. ಫ್ಯಾಕ್ಸ್ ಹರಿದು, ಸಂಪಾದಕರು ಬೇಡವೆಂದರು ಕಾಕ ಎಂದು ಒಂದು ಮಾತು ಹೇಳಿದ್ದರೆ ಅವರು ನಂಬುತ್ತಿದ್ದರು. ಆದರೆ ಇನ್ನೊಂದು ನಿಯಮವೂ ಇತ್ತು: ಒಬ್ಬರ ವಿರುದ್ಧ ಮಾಹಿತಿ ಬಂದರೆ ಅವರನ್ನೇ ಕೇಳಬೇಕು. ದಿಮ್ಮಿಗಳ ತೊಗಟೆ ಮೊದಲೇ ಸುಲಿದಿತ್ತೇನೋ ಎಂಬ ಆಸೆಯೂ ಇತ್ತು ಎಂದು ಈಗ ಹೇಳಿಕೊಳ್ಳಬಲ್ಲೆ. ಎರಡರಲ್ಲಿ ಯಾವುದು ನನ್ನನ್ನು ಆ ಬೆಂಚಿಗೆ ಕರೆದೊಯ್ದಿತು ಎಂದು ಖಚಿತವಾಗಿ ಹೇಳಲಾರೆ.

"ಕಾಕ, ಆ ದಿನ ದೋಣೀಲಿ ಒಯ್ದ್ರಲ್ಲ, ಆ ಮರದ ತೊಗಟೆ ತೆಗೆದಿತ್ತಾ?"

"ಇಲ್ಲಪ್ಪ. ತೊಗಟೆ ಯಾಕೆ ತೆಗೀಬೇಕು? ತೆಗೆದ್ರೆ ಬಿಸಿಲಿಗೆ ಮರ ಸೀಳ್ತದೆ. ಕೊಯ್ಯುವಾಗ ತೆಗೆದ್ರೆ ಆಯ್ತು." ಚಹಾ ಕುಡಿದರು. "ಯಾಕೆ ಕೇಳಿದ್ರಿ?"

ನಾನು ಫ್ಯಾಕ್ಸ್ ಹೊರತೆಗೆದೆ. ಅವರ ಕಣ್ಣು ನನ್ನ ಕೈಯ ಕಾಗದದ ಮೇಲೆ ಹೋಯಿತು. ಓದಿ ಹೇಳಿ ಎಂದರು. ಕನ್ನಡದಲ್ಲಿ ಹೇಳಿದೆ. ಇಂಗ್ಲಿಷಿನಲ್ಲಿ ಹೇಗಿದೆಯೋ ಹಾಗೇ ಓದಿ ಎಂದರು. ಓದಿದೆ. ಆ ಪದ ಬಂದಾಗ ಕೈಯೆತ್ತಿ ನಿಲ್ಲಿಸಿದರು.

"ಬಾರ್ಕ್" ಎಂದರು. "ಮರದ್ದಕ್ಕೂ ಅದೇ ಹೆಸರಾ?"

"ಹೌದು ಕಾಕ."

"ಎರಡಕ್ಕೂ ಒಂದೇ?"

"ನಮ್ಮಲ್ಲೂ ಹಾಗೇ ಅಲ್ವಾ. ಚಕ್ಕೆ ಅಂದ್ರೆ ಮರದ ಸಿಪ್ಪೆನೂ ಹೌದು."

ಇದನ್ನು ಸಮಾಧಾನಕ್ಕೆಂದು ಹೇಳಿದ್ದೆ. ಅವರು ರಸ್ತೆಯ ಕಡೆ ತಿರುಗಿದರು. ದರ್ಜಿ ಅಂಗಡಿಯವ ಶಟರ್ ಎತ್ತಿದ. ಎರಡು ಬಸ್ಸು ಹೋದವು.

"ಎಸ್ಸಾರ್ ಅಂದೆ ನಾನು" ಎಂದರು ಕೊನೆಗೆ. "ಒಂದು ಸಲ, ಯಾವ ಬಾರ್ಕ್ ಸಾರ್ ಅಂತ ಕೇಳಿದ್ರೆ ಆಗ್ತಿತ್ತು. ಇಂಗ್ಲಿಷ್ ಬರುವುದಿಲ್ಲ ಅಂತ ಗೊತ್ತಾಗ್ತದಲ್ಲ ಅಂತ ನಾಚಿಕೆ."

ಹೆಸರು ಹಾಕ್ಬೇಡಿ ಎಂದದ್ದು ಆಗ. ಗ್ಲಾಸು ಒಳಗೆ ಕೊಟ್ಟು ಒಬ್ಬರೇ ಹೋದರು.

ಎರಡು ವಾರ ನನ್ನ ಜೊತೆ ಮಾತಿಲ್ಲ. ಸಿಟ್ಟು ಎಂದುಕೊಂಡೆ, ಅಲ್ಲ. ಮೂರನೆಯ ವಾರ ನನ್ನ ಕೋಣೆಗೆ ಬಂದು, ಆ ಕಚೇರಿಗೆ ಒಂದು ಕಾಗದ ಬರೆಯಬೇಕು ಎಂದರು. ಅವರು ಹೇಳಿದ್ದನ್ನು ನಾನು ಇಂಗ್ಲಿಷಿಗೆ ತಂದೆ. ಯಾವ ತೀರದಲ್ಲಿ ದಿಮ್ಮಿ ಇಳಿಸಿದ್ದು, ಹತ್ತಿರ ಯಾವ ಬಂಡೆ, ಎಷ್ಟು ದಿಮ್ಮಿ, ಯಾವ ತಿಂಗಳು, ಕೊಯ್ದ ಮೇಲೆ ಸಿಪ್ಪೆಯನ್ನು ಯಾವ ತಗ್ಗಿನಲ್ಲಿ ಹಾಕಿದ್ದು, ಎಲ್ಲ. ಕ್ಷಮಿಸಿ ಎಂಬ ಪದ ಇರಲಿಲ್ಲ. ಸೇರಿಸಲಾ ಎಂದು ಕೇಳಿದೆ.

"ಬೇಡ. ಅವರಿಗೆ ಅದು ಎಂತಕ್ಕೆ? ಎಲ್ಲಿಂದ ಶುರುವಾಯ್ತು ಅಂತ ಗೊತ್ತಾದ್ರೆ ಉಪಯೋಗ."

ಕೊನೆಗೆ ಒಂದು ಪ್ರಶ್ನೆ ಹಾಕಿಸಿದರು: ರೋಗ ಅಲ್ಲಿಗೆ ಹೋದದ್ದು ನನ್ನ ಮರದಿಂದಲೇ ಹೌದೋ ಅಲ್ಲವೋ ಎಂಬುದನ್ನು ತಿಳಿಸಬೇಕು. ಕನ್ನಡದಲ್ಲಿ ಸಹಿ ಮಾಡಿದರು. ಆ ಕಾಗದದಲ್ಲಿ ಮಾತ್ರ ಪೂರ್ತಿ ಹೆಸರಿತ್ತು. ತಂದೆಯ ಹೆಸರೂ ಇತ್ತು.

ಉತ್ತರ ಬರಲು ಕೆಲವು ತಿಂಗಳಾಯಿತು. ಅಲ್ಲಿಯವರೆಗೆ ಅವರು ಯಾರ ಮನೆಯ ಗಿಡವನ್ನೂ ನೋಡಲು ಹೋಗುತ್ತಿರಲಿಲ್ಲ. ಕಾಲುನೋವು ಎನ್ನುತ್ತಿದ್ದರು. ಶುಕ್ರವಾರ ವಿಲ್ಲಾದವರಿಗೆಲ್ಲ ತುಪ್ಪದನ್ನ ಮಾಡುವುದು ಅವರ ರೂಢಿ. ಅದನ್ನು ನಿಲ್ಲಿಸಲಿಲ್ಲ, ಆದರೆ ಅದರಲ್ಲಿ ಲವಂಗ ಇತ್ತು, ಏಲಕ್ಕಿ ಇತ್ತು, ಚಕ್ಕೆ ಇರಲಿಲ್ಲ. ಮಲ್ಪೆಯ ಡ್ರೈವರ್, "ಎಂತ ಭಟ್ರೆ, ಇವತ್ತು ಏನೋ ಕಮ್ಮಿ ಉಂಟಲ್ಲ" ಎಂದ. "ಉಪ್ಪು ಇರ್ಬೇಕು" ಎಂದು ಕಾಕ ಉಪ್ಪಿನ ಡಬ್ಬಿ ಮುಂದಿಟ್ಟರು.

ಕಚೇರಿಯ ಉತ್ತರವನ್ನು ನಾನು ಅವರೆದುರಿಗೇ ಒಡೆದೆ. ನೀವು ಕೊಟ್ಟ ವಿವರ ಉಪಯುಕ್ತ, ದಾಖಲಿಸಿಕೊಂಡಿದ್ದೇವೆ. ಆ ತಿಂಗಳುಗಳಲ್ಲಿ ಬೇರೆ ದೋಣಿಗಳೂ ಹೋಗಿದ್ದವು. ನಿಮ್ಮ ಮರದಿಂದಲೇ ಎಂದು ಹೇಳಲು ಆಧಾರವಿಲ್ಲ, ಆ ಸಾಧ್ಯತೆಯನ್ನು ತಳ್ಳಿಹಾಕುವಂತೆಯೂ ಇಲ್ಲ. ಆ ತೀರದ ಹೊನ್ನೆಗಳು ಈಗಿಲ್ಲ. ಹಿಂದಿನ ಇಳಿಜಾರಿನಲ್ಲಿ ಹೆಚ್ಚಾಗಿ ದಾಲ್ಚಿನ್ನಿ ಬೆಳೆದಿದೆ.

"ತಳ್ಳಿಹಾಕುವಂತಿಲ್ಲ ಅಂದ್ರೆ ಹೌದಾ, ಅಲ್ವಾ?"

"ಗೊತ್ತಿಲ್ಲ ಅಂತ ಅರ್ಥ ಕಾಕ."

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತ ಬರೀಬಹುದಲ್ಲ." ಕಾಗದವನ್ನು ಕೇಳಿ ತೆಗೆದುಕೊಂಡು ಜೇಬಿನಲ್ಲಿಟ್ಟರು. "ಇದು ನೀವು ಬರೆಯುವ ಹಾಗೇ ಉಂಟು."

ನಮ್ಮ ಪತ್ರಿಕೆಯಲ್ಲಿ ನಾನು 'ತಳ್ಳಿಹಾಕುವಂತಿಲ್ಲ' ಎಂಬ ನುಡಿಗಟ್ಟನ್ನು ಎಷ್ಟು ಬಾರಿ ಬಳಸಿದ್ದೇನೋ. ಅದು ನಮ್ಮನ್ನು ಕಾಪಾಡುವ ಮಾತು. ಅದರ ಕೆಳಗೆ ಒಬ್ಬ ಮನುಷ್ಯ ಬದುಕಬೇಕಾಗುತ್ತದೆ ಎಂದು ಯೋಚಿಸಿರಲಿಲ್ಲ.

ಅರವತ್ತು ತುಂಬಿದಾಗ ಅವರ ವೀಸಾ ಮುಗಿಯಿತು. ಹೊಸ ಸಹಸ್ರಮಾನದ ಮೊದಲ ವರ್ಷಗಳು. ಹೊರಡುವ ದಿನ ನಾನು ಟ್ಯಾಕ್ಸಿಯಲ್ಲಿ ಜೊತೆಗೆ ಹೋದೆ. ಗಲ್ಫಿನಿಂದ ಊರಿಗೆ ಮರಳುವವರಿಗೆ ಎರಡು ಸೂಟ್‌ಕೇಸು, ಹಗ್ಗ ಬಿಗಿದ ಒಂದು ರಟ್ಟಿನ ಪೆಟ್ಟಿಗೆಯಾದರೂ ಇರುತ್ತದೆ. ಅವರ ಕೈಯಲ್ಲಿದ್ದದ್ದು ಒಂದು ಬಟ್ಟೆ ಚೀಲ. ಕಾಲಲ್ಲಿ ಹೊಸ ಚಪ್ಪಲಿ, ನೈಫ್ ಬಜಾರಿನಿಂದ ಹಿಂದಿನ ದಿನ ತಂದದ್ದು. ಗರಗಸ, ಉಳಿ, ಕತ್ತರಿ ಎಲ್ಲ ಎಲ್ಲಿ ಎಂದು ಕೇಳಿದೆ. ನರ್ಸರಿಯಲ್ಲಿ ರೋಗದ ಮರ ಸುಡುವ ಕುಲುಮೆಗೆ ಹಾಕಿದೆ ಎಂದರು. ನಿಮ್ಮ ಸರಂಜಾಮು ಹತ್ತು ವರ್ಷದ್ದು, ಅಷ್ಟು ಕಾಲ ಯಾವ ಬೂಷ್ಟೂ ಬದುಕಿರೋದಿಲ್ಲ ಕಾಕ ಎಂದೆ.

"ನಿಮಗೆ ಗೊತ್ತುಂಟಾ?" ಎಂದರು.

ಗೊತ್ತಿಲ್ಲದ್ದನ್ನು ಗೊತ್ತು ಎನ್ನುವ ಅಭ್ಯಾಸ ನನಗಿಲ್ಲ.

ಆಮೇಲೆ ವರ್ಷಕ್ಕೆ ಎರಡು ಮೂರು ಬಾರಿ ಫೋನು. ಆರೋಗ್ಯ ಸುಮಾರು, ಮೊಮ್ಮಕ್ಕಳು ಶಾಲೆಗೆ ಹೋಗ್ತಾರೆ, ಅಲ್ಲಿ ಸೆಕೆಯಾ. ಮರಗಳ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಳೆದ ಬೇಸಿಗೆಯಲ್ಲಿ ತೀರಿಕೊಂಡರು. ಮಲ್ಪೆಯ ಡ್ರೈವರ್ ಹೇಳಿದ. ಹೇಳುವಾಗ ಅವನು 'ಭಟ್ರು' ಎನ್ನಲಿಲ್ಲ.

ಮಳೆಗಾಲ ಹಿಡಿದ ಮೇಲೆ ಅವರ ಅಳಿಯನ ಫೋನು ಬಂತು. ಅವರೊಂದಿಗೆ ನಾನು ಮಾತಾಡಿದ್ದು ಅದೇ ಮೊದಲು. ಮಾವನ ಪುಸ್ತಕದಲ್ಲಿ ನನ್ನ ನಂಬರ್ ಸಿಕ್ಕಿತಂತೆ.

"ಸರ್, ಒಂದು ವಿಷಯ ಕೇಳ್ಲಿಕ್ಕಿತ್ತು. ನಿಮಗೆ ಗೊತ್ತಿರ್ಬಹುದು ಅಂತ. ನಮ್ಮಲ್ಲಿ ಖಬರಿನ ಮೇಲೆ ಒಂದು ಹಸಿರು ಗಿಡ ನೆಡುವ ಕ್ರಮ ಉಂಟು. ಮೈಲಾಂಚಿ, ಅಂದ್ರೆ ಮದರಂಗಿ, ಅದೋ ಮತ್ತೊಂದೋ. ಮಾವ ಸಾಯುವ ಮೊದಲು ಎರಡೆರಡು ಸಲ ಹೇಳಿದ್ರು, ನನ್ನ ಮೇಲೆ ಎಂತದೂ ನೆಡ್ಬೇಡಿ ಅಂತ. ಆಣೆ ಹಾಕಿಸಿದ್ರು. ಯಾಕೆ ಅಂತ ಹೇಳ್ಲಿಲ್ಲ. ನಾವು ನೆಡ್ಲಿಲ್ಲ ಸರ್. ಬರೀ ಮಣ್ಣು ಬಿಟ್ಟೆವು. ಜನ ಮಾತಾಡಿದ್ರು, ಆಡ್ಲಿ ಅಂತ ಬಿಟ್ಟೆವು."

"ಸರಿ ಮಾಡಿದ್ರಿ" ಎಂದೆ.

"ಈಗ ಮಳೆ ಬಂದ ಮೇಲೆ ಆ ಜಾಗ ತುಂಬ ಕಮ್ಯುನಿಸ್ಟ್ ಗಿಡ ಎದ್ದಿದೆ ಸರ್, ಹೊರಗಿಂದ ಬಂದು ಎಲ್ಲ ಕಡೆ ಹಬ್ಬುವ ಆ ಕಳೆ. ಪಕ್ಕದ ಖಬರುಗಳಲ್ಲಿ ಇಲ್ಲ, ಅಲ್ಲಿ ಮೈಲಾಂಚಿ ಪೊದೆ ಉಂಟು. ಇಲ್ಲಿ ಖಾಲಿ ಇತ್ತಲ್ಲ. ನಮ್ಮ ಮನೆಯವಳು ಹೇಳ್ತಾಳೆ, ಅವರು ನೆಡ್ಬೇಡಿ ಅಂದದ್ದು, ತಾನಾಗಿ ಬಂದದ್ದನ್ನು ಕೀಳಿ ಅಂತ ಹೇಳ್ಲಿಲ್ಲ, ಅಪ್ಪನ ಮೇಲೆ ಏನಾದ್ರೂ ಹಸಿರು ಇರ್ಲಿ, ಬಿಡಿ ಅಂತ. ಬಿಡ್ಬೇಕಾ, ಕೀಳ್ಬೇಕಾ ಸರ್? ಅವರು ಎಂತ ಅರ್ಥದಲ್ಲಿ ಹೇಳಿದ್ದು?"

ಇದಕ್ಕೆ ಎರಡನೆಯ ಮೂಲ ಇರಲಿಲ್ಲ. ಕೇಳಬೇಕಾದವರು ಮಣ್ಣಿನಡಿ ಇದ್ದರು.

"ಕೀಳಿ" ಎಂದೆ. "ಹೂ ಬಿಡೋದಕ್ಕೆ ಮೊದಲು, ಬೇರು ಸಮೇತ. ಅವರು ಅದನ್ನೇ ಹೇಳಿದ್ದು."